ಎಸ್‌ಎಸ್‌ಎಲ್‌ಸಿ ಮುಗಿಸಿ ಟೆಕ್ಸಾಸ್‌ಗೆ ಹೊರಟ ಮಗಳಿಗೆ ಅಲ್ಲಿನ ಹೈಸ್ಕೂಲ್ ಡಿಪ್ಲೊಮಾ ಹೇಗೆ?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ ಬರೆಯುತ್ತಿದ್ದಾಳೆ. ಇಂಗ್ಲಿಷ್ ಮೀಡಿಯಂ, ಮೊದಲ ಭಾಷೆ ಕನ್ನಡ. ಬರುವ ಅಕ್ಟೋಬರ್‌ಗೆ ಅವಳಿಗೆ 16 ತುಂಬುತ್ತದೆ. ನಮ್ಮ ಯಜಮಾನರಿಗೆ ಡಲ್ಲಾಸ್ ಹತ್ತಿರ ಕೆಲಸ ಸಿಕ್ಕಿದೆ, ಎಚ್-1ಬಿ ವೀಸಾ. ಜೂನ್‌ನಲ್ಲಿ ಹೊರಡುತ್ತೇವೆ. ಅಲ್ಲಿ ಅವಳನ್ನು ಯಾವ ಕ್ಲಾಸಿಗೆ ಹಾಕುತ್ತಾರೆ? ಒಬ್ಬರು 22 ಕ್ರೆಡಿಟ್ ಆದರೆ ಸಾಕು ಅಂತಾರೆ, ಇನ್ನೊಬ್ಬರು 26 ಬೇಕು, ಎಂಡೋರ್ಸ್‌ಮೆಂಟ್ ಬೇಕು ಅಂತಾರೆ. ಎಸ್‌ಎಸ್‌ಎಲ್‌ಸಿಗೆ ಅಲ್ಲಿ ಬೆಲೆ ಇದೆಯಾ? ಅಥವಾ ಅವಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಪಿಯುಸಿ ಮುಗಿಸಿಕೊಂಡು ಬಾ ಅನ್ನುವುದು ಒಳ್ಳೆಯದಾ? ಅವಳಿಗೆ ಡಾಕ್ಟರ್ ಆಗುವ ಆಸೆ.

ಉತ್ತರ: 22 ಅಂದವರೂ ಸರಿ, 26 ಅಂದವರೂ ಸರಿ. ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಸಿಗುವುದು ಡಿಪ್ಲೊಮಾನೇ, ಆದರೆ ಅದರ ಹಿಂದಿನ ಓದಿನಲ್ಲಿ ಮೂರು ಮಟ್ಟಗಳಿವೆ. ಬರೀ ಪಾಸಾಗಿ ಹೊರಬರಲು ಬೇಕಾದದ್ದೇ ಬೇರೆ, ಒಳ್ಳೆಯ ಕಾಲೇಜಿನ ಬಾಗಿಲು ತಟ್ಟಲು ಬೇಕಾದದ್ದೇ ಬೇರೆ. ಹೊಸದಾಗಿ ಬಂದ ಮಗು ಯಾವ ಮಟ್ಟಕ್ಕೆ ಹೋಗುತ್ತದೆ ಅನ್ನುವುದು ಬಹಳ ಸಲ ಶಾಲೆಗೆ ಸೇರಿಸುವ ವಾರದಲ್ಲೇ, ವಿಷಯಗಳನ್ನು ಆರಿಸಲು ನೆರವಾಗುವ ಶಾಲೆಯ ಕೌನ್ಸೆಲರ್ ಎದುರು ಕೂತ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಪ್ರಯಾಣದ ಸುಸ್ತು, ಮನೆ ಹುಡುಕುವ ಗಡಿಬಿಡಿ, ಗೊತ್ತಿಲ್ಲದ ಶಬ್ದಗಳು, ಇದರ ಮಧ್ಯೆ ಅಪ್ಪ ಅಮ್ಮ ಎಲ್ಲದಕ್ಕೂ ತಲೆಯಾಡಿಸಿ ಬರುತ್ತಾರೆ. ಹಾಗೆ ಬಂದ ಕುಟುಂಬಗಳಿಗೆ ನೆರವಾಗುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಮೆರಿಕದಲ್ಲಿ ನಮ್ಮ ಹಾಗೆ ಕೊನೆಯಲ್ಲಿ ಒಂದು ಬೋರ್ಡ್ ಪರೀಕ್ಷೆ ಬರೆದು ಅದರ ಅಂಕಪಟ್ಟಿ ಹಿಡಿದು ಹೊರಬರುವ ಪದ್ಧತಿ ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ನಿಯಮ. ರಾಜ್ಯ ಕನಿಷ್ಠ ಇಷ್ಟು ಬೇಕು ಅನ್ನುತ್ತದೆ, ಅದರ ಮೇಲೆ ಊರಿನ ಶಾಲಾ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ತನ್ನದೂ ಒಂದೆರಡು ಸೇರಿಸಬಹುದು. 9ರಿಂದ 12ನೇ ಕ್ಲಾಸಿನವರೆಗೆ ನಾಲ್ಕು ವರ್ಷ ಹೈಸ್ಕೂಲ್. ಒಂದು ವಿಷಯವನ್ನು ಇಡೀ ವರ್ಷ ಓದಿ ಪಾಸಾದರೆ ಒಂದು ಕ್ರೆಡಿಟ್, ಅರ್ಧ ವರ್ಷದ್ದಾದರೆ ಅರ್ಧ. ಟೆಕ್ಸಾಸ್‌ನಲ್ಲಿ ಪಾಸಾಗಲು 100ಕ್ಕೆ 70 ಬೇಕು. ಇದನ್ನು ಮಗಳಿಗೆ ಈಗಲೇ ಹೇಳಿಬಿಡಿ. ನಮ್ಮಲ್ಲಿ 65 ಬಂದರೆ ಫಸ್ಟ್ ಕ್ಲಾಸ್, ಅಲ್ಲಿ ಅದು ಫೇಲ್.

22ರ ಲೆಕ್ಕ ಹೀಗೆ ಬರುತ್ತದೆ. ಇಂಗ್ಲಿಷ್ ನಾಲ್ಕು, ಗಣಿತ ಮೂರು, ವಿಜ್ಞಾನ ಮೂರು, ಸಮಾಜ ಮೂರು, ಇಂಗ್ಲಿಷ್ ಬಿಟ್ಟು ಬೇರೆ ಒಂದು ಭಾಷೆ ಎರಡು, ದೈಹಿಕ ಶಿಕ್ಷಣ ಒಂದು, ಸಂಗೀತ ನಾಟಕ ಚಿತ್ರಕಲೆ ಇಂಥದ್ದರಲ್ಲಿ ಒಂದು, ಉಳಿದ ಐದು ಮಗುವಿನ ಇಷ್ಟದ ವಿಷಯಗಳು. ಇದನ್ನು ಫೌಂಡೇಶನ್ ಪ್ರೋಗ್ರಾಂ ಅನ್ನುತ್ತಾರೆ. 2013ರಲ್ಲಿ ಅಲ್ಲಿನ ಶಾಸನಸಭೆ ಹೌಸ್ ಬಿಲ್ 5 ಅನ್ನುವ ಕಾನೂನು ಮಾಡಿತು, 2014-15ರಲ್ಲಿ 9ನೇ ಕ್ಲಾಸಿಗೆ ಬಂದ ಮಕ್ಕಳಿಂದ ಇದು ಶುರುವಾಯಿತು. ಅದಕ್ಕೂ ಮುಂಚೆ ಹೆಚ್ಚಿನ ಮಕ್ಕಳು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ನಾಲ್ಕನ್ನೂ ನಾಲ್ಕು ನಾಲ್ಕು ವರ್ಷ ಓದಬೇಕಿತ್ತು, ಬೀಜಗಣಿತದ ಮೇಲಿನ ಹಂತವಾದ ಆಲ್ಜೀಬ್ರಾ 2 ಕೂಡ ಅದರೊಳಗೇ ಬರುತ್ತಿತ್ತು. ಎಲ್ಲರೂ ಕಾಲೇಜಿಗೇ ಹೋಗಬೇಕಿಲ್ಲ, ವೆಲ್ಡಿಂಗ್ ಕಲಿಯುವ ಹುಡುಗನಿಗೆ ಆಲ್ಜೀಬ್ರಾ 2 ಯಾಕೆ ಅನ್ನುವ ವಾದ ಗೆದ್ದು ಈ ಹೊಸ ವ್ಯವಸ್ಥೆ ಬಂತು. ವಾದದಲ್ಲಿ ಹುರುಳಿತ್ತು. ಆದರೆ ಅದರಿಂದ ಒಂದು ಅಪಾಯವೂ ಬಂತು. ಆಲ್ಜೀಬ್ರಾ 2 ಇಲ್ಲದೆಯೂ ಡಿಪ್ಲೊಮಾ ಸಿಗುತ್ತದೆ, ಹಾಗೆ ಪಡೆದ ಡಿಪ್ಲೊಮಾ ಕಾಲೇಜಿನ ಹೊತ್ತಿಗೆ ಸಾಲುವುದಿಲ್ಲ, ಅದು ಗೊತ್ತಾಗುವಾಗ ತಡವಾಗಿರುತ್ತದೆ.

ಫೌಂಡೇಶನ್ ಮೇಲೆ ಬರುವುದು ಎಂಡೋರ್ಸ್‌ಮೆಂಟ್. ನಮ್ಮ ಪಿಯುಸಿಯ ಕಾಂಬಿನೇಶನ್ ಥರ ಅಂದುಕೊಳ್ಳಿ, ಆದರೆ ಅಷ್ಟು ಬಿಗಿ ಇಲ್ಲ. ಗಣಿತಕ್ಕೆ ಒಂದು ಕ್ರೆಡಿಟ್ ಜಾಸ್ತಿ, ವಿಜ್ಞಾನಕ್ಕೆ ಒಂದು ಜಾಸ್ತಿ, ಇಷ್ಟದ ವಿಷಯ ಎರಡು ಜಾಸ್ತಿ, ಒಟ್ಟು 26. ಐದು ಎಂಡೋರ್ಸ್‌ಮೆಂಟ್‌ಗಳಿವೆ: ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ), ಬಿಸಿನೆಸ್ ಅಂಡ್ ಇಂಡಸ್ಟ್ರಿ, ಪಬ್ಲಿಕ್ ಸರ್ವಿಸಸ್, ಆರ್ಟ್ಸ್ ಅಂಡ್ ಹ್ಯುಮ್ಯಾನಿಟೀಸ್, ಮತ್ತೆ ಮಲ್ಟಿಡಿಸಿಪ್ಲಿನರಿ ಸ್ಟಡೀಸ್. 9ನೇ ಕ್ಲಾಸಿಗೆ ಬಂದಾಗಲೇ ಮಕ್ಕಳು ಇದರಲ್ಲಿ ಒಂದನ್ನು ಬರೆದು ಕೊಡಬೇಕು, ಆಮೇಲೆ ಬದಲಾಯಿಸಿಕೊಳ್ಳಬಹುದು. 10ನೇ ಕ್ಲಾಸ್ ಮುಗಿದ ಮೇಲೆ, ಅಪ್ಪ ಅಮ್ಮ ಬರೆದು ಸಹಿ ಹಾಕಿಕೊಟ್ಟರೆ, ಎಂಡೋರ್ಸ್‌ಮೆಂಟ್ ಬಿಟ್ಟು ಬರೀ ಫೌಂಡೇಶನ್‌ನಲ್ಲಿ ಮುಗಿಸಲೂ ದಾರಿ ಇದೆ. ತಡವಾಗಿ ಬಂದ ಮಕ್ಕಳ ವಿಷಯದಲ್ಲಿ ಈ ಸಹಿಯ ಕಾಗದ ಬೇಗ ಮುಂದೆ ಬರುತ್ತದೆ, ಯಾಕೆಂದರೆ ಶಾಲೆಗೆ ಮಗು ಸಮಯಕ್ಕೆ ಸರಿಯಾಗಿ ಮುಗಿಸಿದರೆ ಸಾಕಾಗಿರುತ್ತದೆ. ಯಾರಾದರೂ ಅದನ್ನು ಮುಂದಿಟ್ಟರೆ ಅಲ್ಲೇ ಸಹಿ ಮಾಡಬೇಡಿ. ಮನೆಗೆ ತನ್ನಿ, ಓದಿ, ಇದರಿಂದ ಮಗಳು ಕಳೆದುಕೊಳ್ಳುವುದೇನು ಅಂತ ಕೇಳಿ.

ಕಳೆದುಕೊಳ್ಳುವುದು ದೊಡ್ಡದು, ಅದೇ ಮೂರನೇ ಮಟ್ಟ. ಅದರ ಹೆಸರು ಡಿಸ್ಟಿಂಗ್ವಿಶ್ಡ್ ಲೆವೆಲ್ ಆಫ್ ಅಚೀವ್‌ಮೆಂಟ್. ಹೆಸರು ಕೇಳಿ ಹೆದರಬೇಡಿ, ಇದು ರ‍್ಯಾಂಕ್ ವಿದ್ಯಾರ್ಥಿಗಳಿಗೆ ಕೊಡುವ ಬಹುಮಾನ ಅಲ್ಲ. ಒಂದು ಎಂಡೋರ್ಸ್‌ಮೆಂಟ್ ಮುಗಿಸಿ, ನಾಲ್ಕು ಗಣಿತದಲ್ಲಿ ಆಲ್ಜೀಬ್ರಾ 2 ಒಂದಾಗಿದ್ದು, ನಾಲ್ಕು ವಿಜ್ಞಾನ ಓದಿದ್ದರೆ ಇದು ಸಿಗುತ್ತದೆ. ನಿಮ್ಮ ಮಗಳ ಗುರಿ ಇದೇ ಇರಲಿ. ಟೆಕ್ಸಾಸ್‌ನಲ್ಲಿ 1997ರ ಒಂದು ಕಾನೂನು ಇದೆ. ತನ್ನ ಶಾಲೆಯಲ್ಲಿ ಮೊದಲ ಶೇ 10ರೊಳಗೆ ಬಂದ ಮಗುವಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ಗೆ ಮಾತ್ರ ಬೇಡಿಕೆ ಜಾಸ್ತಿ, ಅಲ್ಲಿ ಇದು ಶೇ 6 ಇತ್ತು, 2026ರ ಪ್ರವೇಶದಿಂದ ಶೇ 5. ಈ ನೇರ ಪ್ರವೇಶಕ್ಕೆ ಡಿಸ್ಟಿಂಗ್ವಿಶ್ಡ್ ಲೆವೆಲ್ ಇರಬೇಕು, ಇಲ್ಲವೇ ಎಸ್‌ಎಟಿ, ಎಸಿಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಗಳಲ್ಲಿ ನಿಗದಿತ ಅಂಕ ಇರಬೇಕು ಅಂತ ಕಾನೂನಿನಲ್ಲೇ ಇದೆ. ಹಾಗಾಗಿ ಶಾಲೆಯಲ್ಲಿ ಎಷ್ಟೇ ಒಳ್ಳೆಯ ಅಂಕ ಇದ್ದರೂ ಆಲ್ಜೀಬ್ರಾ 2 ಓದದ, ಎಂಡೋರ್ಸ್‌ಮೆಂಟ್ ಬಿಟ್ಟ ಮಗುವಿಗೆ ಆ ಪರೀಕ್ಷೆಗಳ ಅಂಕವೂ ಇಲ್ಲದಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ.

ಈಗ ಎಸ್‌ಎಸ್‌ಎಲ್‌ಸಿಯ ವಿಚಾರ. ಬೆಲೆ ಇದೆ, ಆದರೆ ನೀವು ಅಂದುಕೊಂಡ ರೀತಿಯಲ್ಲಲ್ಲ. ಬೋರ್ಡ್ ಪರೀಕ್ಷೆ ಪಾಸಾಗಿದ್ದಾಳೆ, 625ಕ್ಕೆ ಇಷ್ಟು ಬಂದಿದೆ ಅನ್ನುವುದು ಅವರಿಗೆ ಮುಖ್ಯ ಅಲ್ಲ. ಯಾವ ವಿಷಯ, ಯಾವ ವರ್ಷ, ವಾರಕ್ಕೆ ಎಷ್ಟು ಗಂಟೆ, ಬಂದ ಅಂಕ ಎಷ್ಟು, ಇದು ಮುಖ್ಯ. ಅವರ ಹೈಸ್ಕೂಲ್ 9ರಿಂದ ಶುರುವಾಗುವುದರಿಂದ ಮಗಳ 9 ಮತ್ತು 10, ಎರಡೂ ವರ್ಷದ ಓದು ಕ್ರೆಡಿಟ್ ಆಗಬಲ್ಲದು. ನಮ್ಮವರು ಎಡವುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಭದ್ರವಾಗಿ ತರುತ್ತಾರೆ, 9ನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡ್ ಎಲ್ಲೋ ಕಳೆದುಹೋಗಿರುತ್ತದೆ. ಆ ಕಾಗದ ಇಲ್ಲದಿದ್ದರೆ ಒಂದು ಇಡೀ ವರ್ಷದ ಆರೇಳು ಕ್ರೆಡಿಟ್ ಕೈಬಿಟ್ಟ ಹಾಗೆ. ಸಾಗರದ ಆಚೆಯಿಂದ ಶಾಲೆಗೆ ಫೋನ್ ಮಾಡಿ ತರಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದನ್ನು ನಾನು ಬಹಳ ಕುಟುಂಬಗಳಲ್ಲಿ ನೋಡಿದ್ದೇನೆ.

ಆದ್ದರಿಂದ ಮಗಳ ಪರೀಕ್ಷೆ ಮುಗಿದ ತಕ್ಷಣ ಶಾಲೆಗೆ ಹೋಗಿ. 8, 9, 10ನೇ ಕ್ಲಾಸಿನ ಅಂಕಗಳನ್ನು ಶಾಲೆಯ ಲೆಟರ್‌ಹೆಡ್ ಮೇಲೆ, ಇಂಗ್ಲಿಷ್‌ನಲ್ಲಿ, ಮುಖ್ಯ ಶಿಕ್ಷಕರ ಸಹಿ ಸೀಲಿನೊಂದಿಗೆ ಕೇಳಿ. ಪ್ರತಿ ವಿಷಯಕ್ಕೆ ವಾರಕ್ಕೆ ಎಷ್ಟು ಪೀರಿಯಡ್ ಅನ್ನುವುದನ್ನೂ ಬರೆಸಿ. ಒಂದು ಪ್ರತಿ ಶಾಲೆಯೇ ಅಂಟಿಸಿ ಸೀಲ್ ಮಾಡಿದ ಕವರ್‌ನಲ್ಲಿರಲಿ, ಅದನ್ನು ನೀವು ಒಡೆಯಬೇಡಿ, ಇನ್ನೊಂದು ನಿಮ್ಮ ಕೈಯಲ್ಲಿರಲಿ. ಅಂಕಗಳ ಅರ್ಥವನ್ನೂ ಒಂದು ಸಾಲಿನಲ್ಲಿ ಬರೆಸಲೇಬೇಕು, ಪಾಸ್ ಅಂಕ ಎಷ್ಟು, ಫಸ್ಟ್ ಕ್ಲಾಸ್ ಎಷ್ಟು, ಡಿಸ್ಟಿಂಕ್ಷನ್ ಎಷ್ಟು ಅಂತ. ಇಲ್ಲದಿದ್ದರೆ ಗಣಿತದಲ್ಲಿ ಬಂದ 68ನ್ನು ಅಲ್ಲಿನ ಗುಮಾಸ್ತರು ಫೇಲ್ ಅಂತ ಓದಿಬಿಡಬಹುದು. 9 ಮತ್ತು 10ರ ಗಣಿತ, ವಿಜ್ಞಾನ ಪಠ್ಯಪುಸ್ತಕಗಳ ಪರಿವಿಡಿಯ ಪುಟಗಳನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಪುಸ್ತಕ ಹೊತ್ತುಕೊಂಡು ಹೋಗುವುದು ಬೇಡ. ಲಸಿಕೆಯ ಕಾರ್ಡ್ ಕೂಡ ಮರೆಯಬೇಡಿ, ಅದಿಲ್ಲದೆ ದಾಖಲಾತಿ ಮುಂದೆ ಹೋಗುವುದಿಲ್ಲ. ಕೆಲವು ಡಿಸ್ಟ್ರಿಕ್ಟ್‌ಗಳು ವಿದೇಶದ ಅಂಕಪಟ್ಟಿಯನ್ನು ತಾವೇ ಪರಿಶೀಲಿಸುತ್ತವೆ, ಕೆಲವು ಹೊರಗಿನ ಮೌಲ್ಯಮಾಪನ ಸಂಸ್ಥೆಯಿಂದ ಮಾಡಿಸಿ ತನ್ನಿ ಅನ್ನುತ್ತವೆ. ಎಲ್ಲಿ ಮನೆ ಮಾಡುತ್ತೀರಿ ಅಂತ ಗೊತ್ತಾದ ಕೂಡಲೇ ಆ ಡಿಸ್ಟ್ರಿಕ್ಟ್‌ಗೆ ಇಮೇಲ್ ಮಾಡಿ ಕೇಳಿ, ಫ್ರಿಸ್ಕೊ, ಪ್ಲೇನೊ, ಇರ್ವಿಂಗ್, ಕಾಪೆಲ್ ಒಂದೊಂದೂ ಬೇರೆ ಬೇರೆ ಡಿಸ್ಟ್ರಿಕ್ಟ್. ಶಾಲೆ ಶುರುವಾಗುವುದು ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಬೇಸಿಗೆ ರಜೆಯಲ್ಲಿ ಕೌನ್ಸೆಲರ್‌ಗಳು ಸಿಗುವುದು ಕಡಿಮೆ, ಹಾಗಾಗಿ ಮೇ ತಿಂಗಳಲ್ಲೇ ಪತ್ರ ವ್ಯವಹಾರ ಶುರು ಮಾಡಿ.

ಯಾವ ವಿಷಯ ಯಾವುದಕ್ಕೆ ಸಮ ಅನ್ನುವುದು ಡಿಸ್ಟ್ರಿಕ್ಟ್‌ನ ಕೈಯಲ್ಲಿದೆ, ಅದಕ್ಕೇ ವಾದ ಮಾಡಲು ಜಾಗವೂ ಇದೆ. ಭಾಷೆಯದು ಸುಲಭ. ಇಂಗ್ಲಿಷ್ ಅಲ್ಲದ ಒಂದೇ ಭಾಷೆಯಲ್ಲಿ ಎರಡು ವರ್ಷ ಬೇಕು, ಮಗಳು ಕನ್ನಡ ಓದಿದ್ದಾಳೆ. ಆ ಎರಡು ಕ್ರೆಡಿಟ್‌ಗಳನ್ನು ಕನ್ನಡಕ್ಕೇ ಕೇಳಿ. ಬಹಳ ಕೌನ್ಸೆಲರ್‌ಗಳಿಗೆ ಕನ್ನಡ ಅನ್ನುವ ಭಾಷೆ ಇದೆ ಅಂತ ಗೊತ್ತಿರುವುದಿಲ್ಲ, ಕಾಗದದಲ್ಲಿ ಕಂಡ ಹಿಂದಿಯನ್ನು ಬರೆದುಕೊಂಡು ಕನ್ನಡವನ್ನು ಬಿಟ್ಟುಬಿಡುತ್ತಾರೆ. ಸುಮ್ನೆ ಬಿಡಬೇಡಿ. ಇದು ಸಿಕ್ಕರೆ ಅವಳು ಸ್ಪ್ಯಾನಿಶ್ ಅನ್ನು ಮೊದಲಿನಿಂದ ಎರಡು ವರ್ಷ ಕಲಿಯಬೇಕಿಲ್ಲ, ಆ ಎರಡು ಪೀರಿಯಡ್ ವಿಜ್ಞಾನಕ್ಕೆ ಉಳಿಯುತ್ತದೆ. ಅಕಸ್ಮಾತ್ ಕೊಡಲಿಲ್ಲ ಅಂದರೂ ಇನ್ನೊಂದು ದಾರಿ ಇದೆ. ಅವಾಂಟ್ ಸಂಸ್ಥೆಯ ಭಾಷಾ ಪರೀಕ್ಷೆಗಳಲ್ಲಿ ಕನ್ನಡದಲ್ಲಿ ಬರೆಯುವ, ಮಾತಾಡುವ ಪರೀಕ್ಷೆಯೂ ಇದೆ, ಅದನ್ನು ಕ್ರೆಡಿಟ್‌ಗೆ ಒಪ್ಪುತ್ತೀರಾ ಅಂತ ಡಿಸ್ಟ್ರಿಕ್ಟ್ ಅನ್ನು ಕೇಳಬಹುದು. ಎರಡು ಭಾಷೆಯಲ್ಲಿ ಪಳಗಿದವರಿಗೆ ಡಿಪ್ಲೊಮಾದ ಜೊತೆ ಒಂದು ವಿಶೇಷ ಮಾನ್ಯತೆಯೂ ಟೆಕ್ಸಾಸ್‌ನಲ್ಲಿದೆ. ಅಮೆರಿಕಕ್ಕೆ ಹೋದ ಮೇಲೆ ಕನ್ನಡ ಕೆಲಸಕ್ಕೆ ಬರುವುದಿಲ್ಲ ಅನ್ನುವ ಮಾತು ಇಲ್ಲಿ ಸುಳ್ಳಾಗುತ್ತದೆ, ನನಗೆ ತುಂಬಾ ಖುಷಿ ಕೊಡುವ ವಿಷಯ ಇದು.

ಗಣಿತ ಅಷ್ಟು ಸುಲಭ ಅಲ್ಲ. ಅವರಲ್ಲಿ ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್ ಅಂತ ಒಂದರ ಮೇಲೊಂದು ಮೆಟ್ಟಿಲು. ನಮ್ಮಲ್ಲಿ ಎಲ್ಲವೂ ಬೆರೆತು ಬರುತ್ತದೆ. 10ನೇ ಕ್ಲಾಸಿನಲ್ಲಿ ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿ, ವೃತ್ತ, ನಿರ್ದೇಶಾಂಕ ರೇಖಾಗಣಿತ ಎಲ್ಲವನ್ನೂ ಅವಳು ಮಾಡಿರುತ್ತಾಳೆ. ಸಾಮಾನ್ಯವಾಗಿ 9ಕ್ಕೆ ಆಲ್ಜೀಬ್ರಾ 1, 10ಕ್ಕೆ ಜಾಮೆಟ್ರಿ ಅಂತ ಕ್ರೆಡಿಟ್ ಸಿಗುತ್ತದೆ, ಮುಂದೆ ಆಲ್ಜೀಬ್ರಾ 2ಕ್ಕೆ ಹಾಕುತ್ತಾರೆ. ಅದು ನ್ಯಾಯವಾದದ್ದೇ. ಆಲ್ಜೀಬ್ರಾ 1ಕ್ಕೆ ಹಾಕುತ್ತೇವೆ ಅಂದರೆ ಮಾತ್ರ ಒಪ್ಪಬೇಡಿ, ಪರಿವಿಡಿ ತೋರಿಸಿ, ಯಾವ ಮೆಟ್ಟಿಲಿಗೆ ಸರಿ ಅಂತ ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆ ಕೊಡಿ ಅನ್ನಿ. ಕ್ರೆಡಿಟ್ ಬೈ ಎಕ್ಸಾಂ ಅನ್ನುವ ಸೌಲಭ್ಯವೂ ಇದೆ. ಮೊದಲೇ ಪಾಠ ಕೇಳಿದ ವಿಷಯವಾದರೆ ಪರೀಕ್ಷೆಯಲ್ಲಿ 70, ಪಾಠವೇ ಕೇಳದ ವಿಷಯವಾದರೆ 80 ತೆಗೆದರೆ ಕ್ಲಾಸಿಗೆ ಕೂರದೆಯೇ ಕ್ರೆಡಿಟ್. ವರ್ಷಕ್ಕೆ ನಾಲ್ಕು ಸಲವಾದರೂ ಡಿಸ್ಟ್ರಿಕ್ಟ್ ಇದಕ್ಕೆ ಅವಕಾಶ ಕೊಡಬೇಕು.

ವಿಜ್ಞಾನದಲ್ಲಿ ತೊಡಕು ಏನೆಂದರೆ ನಮ್ಮ ಅಂಕಪಟ್ಟಿಯಲ್ಲಿ ಬರೀ ವಿಜ್ಞಾನ ಅಂತ ಒಂದೇ ಸಾಲು ಇರುತ್ತದೆ. ಅಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಒಂದೊಂದೂ ಒಂದೊಂದು ವರ್ಷದ ಓದು. ಕೆಲವು ಕಡೆ ಒಂದು ವರ್ಷವನ್ನು ಬಯಾಲಜಿ ಅಂತಲೂ ಇನ್ನೊಂದನ್ನು ಫಿಸಿಕ್ಸ್ ಕೆಮಿಸ್ಟ್ರಿ ಬೆರೆಸಿದ ಕೋರ್ಸ್ ಅಂತಲೂ ಬರೆದುಕೊಳ್ಳುತ್ತಾರೆ, ಕೆಲವು ಕಡೆ ಬಯಾಲಜಿ ಮತ್ತೆ ಓದಬೇಕು ಅನ್ನುತ್ತಾರೆ.

ಇದು ಯಾಕೆ ಮುಖ್ಯ ಅಂದರೆ ಟೆಕ್ಸಾಸ್‌ನಲ್ಲಿ ಕ್ರೆಡಿಟ್ ಜೊತೆ ರಾಜ್ಯದ ಪರೀಕ್ಷೆಗಳೂ ಇವೆ. ಸ್ಟಾರ್ ಅನ್ನುತ್ತಾರೆ. ಆಲ್ಜೀಬ್ರಾ 1, ಬಯಾಲಜಿ, ಇಂಗ್ಲಿಷ್ 1, ಇಂಗ್ಲಿಷ್ 2, ಅಮೆರಿಕದ ಇತಿಹಾಸ, ಹೀಗೆ ಐದು. ರಾಜ್ಯ ಇಡೀ ಸ್ಟಾರ್ ಪದ್ಧತಿಯನ್ನು 2027-28ರಿಂದ ಬದಲಿಸಲು 2025ರಲ್ಲಿ ಕಾನೂನು ಮಾಡಿದೆ, ಹಾಗಾಗಿ ಸೇರುವಾಗ ಅವಳ ಬ್ಯಾಚಿಗೆ ಯಾವ ಪರೀಕ್ಷೆಗಳು ಅಂತ ಬರೆಸಿಕೊಳ್ಳಿ. ಹೊರಗಿನಿಂದ ಬಂದವರಿಗೆ ಒಂದು ಒಳ್ಳೆಯ ನಿಯಮ ಇದೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಟೆಕ್ಸಾಸ್‌ನ ಸರ್ಕಾರಿ ಶಾಲೆಗೆ ಸೇರುವ ಮುಂಚೆಯೇ ಓದಿ ಮುಗಿಸಿದ ಕೋರ್ಸಿಗೆ ಡಿಸ್ಟ್ರಿಕ್ಟ್ ಕ್ರೆಡಿಟ್ ಒಪ್ಪಿಕೊಂಡರೆ, ಆ ವಿಷಯದ ಪರೀಕ್ಷೆ ಬರೆಯಬೇಕಿಲ್ಲ. ಅಂದರೆ ಮಗಳ ಗಣಿತಕ್ಕೆ ಆಲ್ಜೀಬ್ರಾ 1 ಅಂತ ಕ್ರೆಡಿಟ್ ಬಿತ್ತು ಅಂದರೆ ಆ ಪರೀಕ್ಷೆ ಮಾಫಿ. ಇಂಗ್ಲಿಷ್, ಬಯಾಲಜಿಗೂ ಹಾಗೆಯೇ. ಒಪ್ಪಿಕೊಂಡ ಒಂದೊಂದು ಕ್ರೆಡಿಟ್‌ಗೂ ಎರಡು ಪಟ್ಟು ಬೆಲೆ ಅನ್ನುವುದು ಅದಕ್ಕೇ. ಅಮೆರಿಕದ ಇತಿಹಾಸವನ್ನು ಮಾತ್ರ ನಮ್ಮಲ್ಲಿ ಯಾರೂ ಓದಿರುವುದಿಲ್ಲ, ಅದನ್ನು ಅಲ್ಲೇ ಓದಿ ಅಲ್ಲೇ ಬರೆಯಬೇಕು. ಬುದ್ಧಿವಂತ ಮಕ್ಕಳಿಗೂ ಅದು ಕಷ್ಟ ಆಗುವುದುಂಟು, ಅಂತರ್ಯುದ್ಧ, ಸಂವಿಧಾನದ ತಿದ್ದುಪಡಿಗಳು ಇವೆಲ್ಲ ಅಲ್ಲಿನ ಮಕ್ಕಳು ಪ್ರೈಮರಿಯಿಂದ ಕೇಳಿದ ಕಥೆಗಳು, ನಮ್ಮವರಿಗೆ ಎಲ್ಲ ಹೆಸರೂ ಹೊಸದು. ಫೇಲಾದರೆ ಮತ್ತೆ ಬರೆಯಲು ಅವಕಾಶ ಇದೆ. ಎರಡು ಪರೀಕ್ಷೆಗಳವರೆಗೆ ಪಾಸಾಗದೆ ಉಳಿದವರಿಗೆ ಶಾಲೆಯಲ್ಲೇ ಒಂದು ಸಮಿತಿ ಕೂತು, ಬೇರೆ ಕೆಲಸ ಮಾಡಿಸಿ, ಡಿಪ್ಲೊಮಾ ಕೊಡಬಹುದೇ ಅಂತ ನೋಡುತ್ತದೆ. 2015ರಲ್ಲಿ ತಾತ್ಕಾಲಿಕ ಅಂತ ತಂದ ಈ ವ್ಯವಸ್ಥೆಯನ್ನು 2021ರಲ್ಲಿ ಕಾಯಂ ಮಾಡಿದರು.

ದಾಖಲಾತಿ ದಿನ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಒಂದು ಫಾರಂ ಕೊಡುತ್ತಾರೆ. ಕನ್ನಡ ಅಂತ ಬರೆದರೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ ಅಂತ ಹೆದರಿ ಕೆಲವರು ಇಂಗ್ಲಿಷ್ ಅಂತ ಬರೆಯುತ್ತಾರೆ. ನಿಜವನ್ನೇ ಬರೆಯಿರಿ. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೆ ಮುಗಿಯಿತು, ಇಲ್ಲದಿದ್ದರೆ ಮಗುವಿಗೆ ನೆರವು ಸಿಗುತ್ತದೆ.

ಇನ್ನು ನೀವು ಮೊದಲು ಕೇಳಿದ ಪ್ರಶ್ನೆ, ಯಾವ ಕ್ಲಾಸು? ನಮ್ಮವರೆಲ್ಲ 10 ಮುಗಿದಿದೆ, ಆದ್ದರಿಂದ 11 ಅನ್ನುತ್ತಾರೆ. ಮತ್ತೆ 10ಕ್ಕೆ ಕೂರಿಸಿದರೆ ಒಂದು ವರ್ಷ ಹಾಳು ಅನ್ನುವ ಭಾವನೆ. ನನ್ನ ಅಭಿಪ್ರಾಯ ಬೇರೆ, ಅದನ್ನು ಖಂಡಿತವಾಗಿ ಹೇಳುತ್ತೇನೆ. ಸೆಪ್ಟೆಂಬರ್ 1ಕ್ಕೆ ನಿಮ್ಮ ಮಗಳಿಗೆ 15 ಇರುತ್ತದೆ. ಅಲ್ಲಿ ಆ ವಯಸ್ಸಿನ ಮಕ್ಕಳು ಇರುವುದೇ 10ನೇ ಕ್ಲಾಸಿನಲ್ಲಿ. ಹಾಗಾಗಿ ಅವಳು ಹಿಂದೆ ಬಿದ್ದಂತೆ ಆಗುವುದಿಲ್ಲ, ತನ್ನ ಓರಗೆಯವರ ಜೊತೆ ಇರುತ್ತಾಳೆ. 9, 10ರ ಕ್ರೆಡಿಟ್ ಒಪ್ಪಿಸಿಕೊಂಡೇ 10ನೇ ಕ್ಲಾಸಿನಲ್ಲಿ ಕೂರಿಸಲು ಸಾಧ್ಯವೇ ಅಂತ ಕೇಳಿ. ಕ್ಲಾಸು ಯಾವುದು ಅನ್ನುವುದನ್ನು ಕ್ರೆಡಿಟ್ ಲೆಕ್ಕ ನೋಡಿ ಡಿಸ್ಟ್ರಿಕ್ಟ್ ನಿರ್ಧರಿಸುತ್ತದೆ, ಆದರೆ ಅಪ್ಪ ಅಮ್ಮನ ಮಾತಿಗೆ ತೂಕ ಇರುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, 11ಕ್ಕೆ ಸೇರಿದ ಮಗು 12ರ ಶುರುವಿನಲ್ಲೇ, ಅಂದರೆ ಬಂದು ಒಂದು ವರ್ಷ ಆಗುತ್ತಲೇ, ಕಾಲೇಜಿಗೆ ಅರ್ಜಿ ಹಾಕಬೇಕು. ನೇರ ಪ್ರವೇಶದ ರ‍್ಯಾಂಕ್‌ಗೆ ಮುಖ್ಯವಾಗಿ ನೋಡುವುದು 11ರ ಕೊನೆಗೆ ಇದ್ದ ಸ್ಥಾನವನ್ನು. ಭಾರತದ ಅಂಕಗಳನ್ನು ಎಷ್ಟೋ ಡಿಸ್ಟ್ರಿಕ್ಟ್‌ಗಳು ಬರೀ ಪಾಸ್ ಅಂತ ಬರೆದುಕೊಳ್ಳುತ್ತವೆ, ರ‍್ಯಾಂಕಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾದಾಗ ಹೊಸ ದೇಶದ ಮೊದಲ ವರ್ಷದ, ಇನ್ನೂ ಉಚ್ಚಾರಣೆಯೇ ಕಿವಿಗೆ ಹಿಡಿಯದ ಸಮಯದ ಅಂಕಗಳೇ ಅವಳ ಇಡೀ ರ‍್ಯಾಂಕ್. ಅದೇ ವರ್ಷ ಎಸ್‌ಎಟಿ, ಅದೇ ವರ್ಷ ಅಮೆರಿಕದ ಇತಿಹಾಸ. ಜೊತೆಗೆ ಗಣಿತದಲ್ಲಿ 11ಕ್ಕೆ ಆಲ್ಜೀಬ್ರಾ 2, 12ಕ್ಕೆ ಪ್ರಿಕ್ಯಾಲ್ಕುಲಸ್, ಅಲ್ಲಿಗೆ ಮುಗಿಯಿತು, ಕ್ಯಾಲ್ಕುಲಸ್ ಮುಟ್ಟುವುದೇ ಇಲ್ಲ. 10ಕ್ಕೆ ಸೇರಿದರೆ ಮೂರು ವರ್ಷ ಸಿಗುತ್ತದೆ. ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಎಪಿ ಕ್ಯಾಲ್ಕುಲಸ್. ವಿಜ್ಞಾನದಲ್ಲೂ ಮೊದಲ ವರ್ಷ ಕೆಮಿಸ್ಟ್ರಿ, ಆಮೇಲೆ ಎಪಿ ಮಟ್ಟದ್ದು. ಎಪಿ ಅಂದರೆ ಕಾಲೇಜು ಮಟ್ಟದ ಪಾಠ, ಬಹುತೇಕ ಶಾಲೆಗಳಲ್ಲಿ ರ‍್ಯಾಂಕ್ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ತೂಕ. ಒಂದು ವರ್ಷ ಉಳಿಸಲು ಹೋಗಿ ಇಷ್ಟೆಲ್ಲ ಬಿಡುವುದು ಬೇಡ ಅಂತ ನನಗೆ ಅನ್ನಿಸುತ್ತದೆ. ಅವಳಿಗೆ ಆಗಲೇ 16 ತುಂಬಿದ್ದರೆ ನಾನು 11 ಅನ್ನುತ್ತಿದ್ದೆನೇನೋ.

ಎಂಡೋರ್ಸ್‌ಮೆಂಟ್ ಯಾವುದು? ಡಾಕ್ಟರ್ ಆಗಬೇಕು ಅಂದ ತಕ್ಷಣ ಹೆಲ್ತ್ ಸೈನ್ಸ್ ಕೋರ್ಸ್‌ಗಳಿರುವ ಪಬ್ಲಿಕ್ ಸರ್ವಿಸಸ್ ಕಡೆ ಎಲ್ಲರೂ ನೋಡುತ್ತಾರೆ. ಒಳ್ಳೆಯದೇ, ಆದರೆ ಅದರಲ್ಲಿ ಒಂದರ ನಂತರ ಒಂದು ಕೋರ್ಸ್ ಮುಗಿಸುತ್ತಾ ಹೋಗಬೇಕು, 9ರಲ್ಲಿ ಶುರು ಮಾಡದವರಿಗೆ ಜಾಗ ಸಿಗುವುದು ಕಷ್ಟ. ಸ್ಟೆಮ್‌ಗೆ ಆಲ್ಜೀಬ್ರಾ 2, ಕೆಮಿಸ್ಟ್ರಿ, ಫಿಸಿಕ್ಸ್ ಮೂರೂ ಕಡ್ಡಾಯ, ಅವಳು ಹೇಗೂ ಓದುವಂಥವೇ. ತಡವಾಗಿ ಬಂದವರಿಗೆ ಹೊಂದುವುದು ಮಲ್ಟಿಡಿಸಿಪ್ಲಿನರಿ, ಇಂಗ್ಲಿಷ್ ಗಣಿತ ವಿಜ್ಞಾನ ಸಮಾಜ ನಾಲ್ಕರಲ್ಲೂ ನಾಲ್ಕು ನಾಲ್ಕು ಕ್ರೆಡಿಟ್ ಮಾಡಿದರೆ ಅದು ಸಿಗುತ್ತದೆ. ಅದನ್ನು ಕಡಿಮೆ ಅಂತ ನೋಡಬೇಡಿ. ಡಿಸ್ಟಿಂಗ್ವಿಶ್ಡ್ ಲೆವೆಲ್‌ಗೆ ಐದರಲ್ಲಿ ಯಾವುದಾದರೂ ಒಂದೇ, ಕಾಲೇಜಿನವರು ನೋಡುವುದು ಓದಿದ ವಿಷಯಗಳನ್ನು ಮತ್ತು ಅಂಕಗಳನ್ನು.

ಉಳಿದದ್ದು ಚಿಕ್ಕಪುಟ್ಟದ್ದು. ದೈಹಿಕ ಶಿಕ್ಷಣದ ಕ್ರೆಡಿಟ್ ಅನ್ನು 9, 10ರ ಪಿಟಿ ಪೀರಿಯಡ್‌ಗೆ ಕೇಳಿ, ಅಂಕಪಟ್ಟಿಯಲ್ಲಿ ಬರೆಸಿದ್ದರೆ ಸಿಗಬಹುದು. ಮಗಳು ಭರತನಾಟ್ಯವೋ ಸಂಗೀತವೋ ಕಲಿಯುತ್ತಿದ್ದರೆ, ಶಾಲೆಯ ಹೊರಗಿನ ಕಲಾ ತರಗತಿಯನ್ನು ಮೊದಲೇ ಅನುಮತಿ ಪಡೆದು ಕ್ರೆಡಿಟ್‌ಗೆ ಸೇರಿಸುವ ಅವಕಾಶ ನಿಯಮದಲ್ಲಿದೆ, ಡಿಸ್ಟ್ರಿಕ್ಟ್ ಒಪ್ಪಬೇಕು. ಸಿಪಿಆರ್ ತರಬೇತಿ, ಪೊಲೀಸರು ನಿಲ್ಲಿಸಿದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವ ಪಾಠ ಇವೂ ಡಿಪ್ಲೊಮಾಕ್ಕೆ ಬೇಕು, ಶಾಲೆಯೇ ಮಾಡಿಸುತ್ತದೆ. 12ರಲ್ಲಿ ಕಾಲೇಜು ಧನಸಹಾಯದ ಫಾಫ್ಸಾ ಅರ್ಜಿ ಹಾಕಿ ಅನ್ನುತ್ತಾರೆ. ಎಚ್-4 ಮಕ್ಕಳಿಗೆ, ಅಂದರೆ ಎಚ್-1ಬಿಯವರ ಅವಲಂಬಿತರ ವೀಸಾದಲ್ಲಿ ಬಂದ ಮಕ್ಕಳಿಗೆ, ಅಲ್ಲಿನ ಕೇಂದ್ರ ಸರ್ಕಾರದ ಆ ಸಹಾಯ ಸಿಗುವುದಿಲ್ಲ, ಬೇಡ ಅಂತ ನೀವು ಸಹಿ ಮಾಡುವ ಫಾರಂ ಇರುತ್ತದೆ, ಅದನ್ನು ಕೊಟ್ಟರೆ ಆಯಿತು.

ಇನ್ನು ಪಿಯುಸಿ. ಇದಕ್ಕೆ ಉತ್ತರ ಅವಳು ಎಲ್ಲಿ ಡಾಕ್ಟರ್ ಆಗಬೇಕು ಅನ್ನುವುದರ ಮೇಲಿದೆ, ನೀವು ಮೂವರೂ ಕೂತು ಬಿಚ್ಚು ಮನಸ್ಸಿನಿಂದ ಮಾತಾಡಬೇಕು. ಅಮೆರಿಕದಲ್ಲಿ 12 ಆದ ಕೂಡಲೇ ಮೆಡಿಕಲ್ ಇಲ್ಲ. ನಾಲ್ಕು ವರ್ಷದ ಡಿಗ್ರಿ, ಮೆಡಿಕಲ್ ಪ್ರವೇಶಕ್ಕೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಕಾಲೇಜು. ಗ್ರೀನ್ ಕಾರ್ಡ್ ಇಲ್ಲದವರನ್ನು ಅಲ್ಲಿನ ಅನೇಕ ಮೆಡಿಕಲ್ ಕಾಲೇಜುಗಳು ತೆಗೆದುಕೊಳ್ಳುವುದಿಲ್ಲ. ಭಾರತೀಯರಿಗೆ ಗ್ರೀನ್ ಕಾರ್ಡ್ ಸರದಿ ಬಹಳ ಉದ್ದ, ಮತ್ತು ಎಚ್-4 ವೀಸಾ ಮಗುವಿಗೆ 21 ತುಂಬುತ್ತಲೇ ಮುಗಿಯುತ್ತದೆ. ಇದನ್ನು ಈಗಲೇ ಹೇಳುವುದು ಕಹಿ, ಆದರೆ ಡಿಗ್ರಿ ಮೂರನೇ ವರ್ಷದಲ್ಲಿ ಅವಳಿಗೆ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ಒಳ್ಳೆಯದು ಅಲ್ವಾ?

ಹಾಗಂತ ಅಲ್ಲಿ ಹೈಸ್ಕೂಲ್ ಮಾಡಿದರೆ ಭಾರತದ ಎಂಬಿಬಿಎಸ್ ಕೈತಪ್ಪುತ್ತದೆ ಅಂತಲ್ಲ. ನೀಟ್ ಬರೆಯಬಹುದು. ಅದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಓದಿದ್ದಕ್ಕೆ ದಾಖಲೆ ಬೇಕು, ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಈ ಡಿಪ್ಲೊಮಾ ನಮ್ಮ 12ನೇ ತರಗತಿಗೆ ಸಮ ಅನ್ನುವ ಪತ್ರ ಬೇಕು. ಟೆಕ್ಸಾಸ್‌ನಲ್ಲಿ ಫಿಸಿಕ್ಸ್ ಓದದೆಯೂ ಡಿಪ್ಲೊಮಾ ಪಡೆಯಬಹುದು ಅನ್ನುವುದನ್ನು ನೆನಪಿಡಿ, ಹಾಗೆ ಮಾಡಿದರೆ ಈ ದಾರಿ ಬಹಳ ಕಷ್ಟವಾಗುತ್ತದೆ. 11 ಮತ್ತು 12ರಲ್ಲಿ ಮೂರೂ ವಿಜ್ಞಾನಗಳು, ಆದಷ್ಟೂ ಎಪಿ ಮಟ್ಟದಲ್ಲಿ, ಅವಳ ಅಂಕಪಟ್ಟಿಯಲ್ಲಿ ಕಾಣಲಿ. ನೀಟ್‌ಗೆ ಬೇರೆಯಾಗಿಯೇ ಓದಬೇಕಾಗುತ್ತದೆ, ಅದು ಸಣ್ಣ ಹೊರೆ ಅಲ್ಲ.

ಎಂಬಿಬಿಎಸ್ ಭಾರತದಲ್ಲೇ ಅಂತ ಅವಳ ಮನಸ್ಸು ಗಟ್ಟಿಯಾಗಿದ್ದರೆ, ಅಜ್ಜಿ ಮನೆಯಲ್ಲಿ ಇರಲು ಅವಳಿಗೂ ಇಷ್ಟ ಇದ್ದರೆ, ಪಿಯುಸಿ ಇಲ್ಲೇ ಮುಗಿಸುವುದು ಸರಿಯಾದ ದಾರಿ. ಅದು ಅಷ್ಟು ಗಟ್ಟಿ ಇಲ್ಲ ಅಂದರೆ ಈಗಲೇ ಕರೆದುಕೊಂಡು ಹೋಗಿ. ಮೊದಲ ಪಿಯುಸಿ ಮುಗಿಸಿ ಮಧ್ಯದಲ್ಲಿ ಕರೆಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಆಗ ಇತಿಹಾಸ, ಸರ್ಕಾರ, ಅರ್ಥಶಾಸ್ತ್ರ, ಉಳಿದ ಇಂಗ್ಲಿಷ್, ಎಲ್ಲವನ್ನೂ ಒಂದೇ ವರ್ಷದಲ್ಲಿ ತುರುಕಬೇಕಾಗುತ್ತದೆ, ಇಲ್ಲಿಯ ಓದೂ ಅರ್ಧಕ್ಕೆ ನಿಂತಿರುತ್ತದೆ.

ಯಾವುದನ್ನೇ ಆರಿಸಿದರೂ ಎಸ್‌ಎಸ್‌ಎಲ್‌ಸಿಯನ್ನು ಪೂರ್ತಿ ಮುಗಿಸಿಯೇ ಹೊರಡುತ್ತಿದ್ದೀರಲ್ಲ, ಅದು ತುಂಬಾ ಒಳ್ಳೆಯ ನಿರ್ಧಾರ. ಈಗಿರುವ ನಿಯಮದಂತೆ ಕರ್ನಾಟಕದ ಸರ್ಕಾರಿ ಕೋಟಾದ ಸೀಟುಗಳಿಗೆ ಅರ್ಹತೆಯ ಒಂದು ದಾರಿ ಎಂದರೆ, 1ರಿಂದ 12ರೊಳಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನು ಇಲ್ಲಿ ಪಾಸು ಮಾಡಿರುವುದು. ಏಳು ವರ್ಷದ ಓದು, ಎಸ್‌ಎಸ್‌ಎಲ್‌ಸಿ ಎರಡನ್ನೂ ಅವಳು ಪೂರೈಸಿರುತ್ತಾಳೆ. ಹೊರಡುವ ಮುಂಚೆ ಬಿಇಒ ಕಚೇರಿಯ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರವನ್ನು, ಓದಿದ ಪ್ರತಿ ಶಾಲೆಯಿಂದಲೂ, ಮಾಡಿಸಿ ಇಟ್ಟುಕೊಳ್ಳಿ.